ಏಕಪಕ್ಷೀಯ ಸಮರದ ರಸಾಸ್ವಾದ

ಚದುರಂಗದ ಸವಿಯನ್ನು ಈಗತಾನೆ ಅರಿಯಹೊರಟವರು, ಎಂಟು ಗೆಲುವು, ಏಳು ಸಮ, ಸೋಲು ಒಂದೂ ಇಲ್ಲ ಎಂಬ ಫಲಿತಾಂಶವನ್ನು ಕಂಡೊಡನೆ, ಇಂತಹ ಪಂದ್ಯದಲ್ಲಿ ನೋಡತಕ್ಕದ್ದೇನಿದೆ ಎಂದು ಪುಟ ಮಗುಚಿಬಿಡುವುದುಂಟು. ಆದರೆ 1907ರ ಜನವರಿಯಿಂದ ಏಪ್ರಿಲ್‌ವರೆಗೆ ನ್ಯೂಯಾರ್ಕ್, ಫಿಲಡೆಲ್ಫಿಯಾ, ಷಿಕಾಗೊ, ಮೆಂಫಿಸ್ ಮೊದಲಾದ ಅಮೆರಿಕದ ನಗರಗಳಲ್ಲಿ, ವಿಶ್ವವಿಜೇತನಾದ ಎಮಾನ್ಯುಯೆಲ್ ಲಾಸ್ಕರನಿಗೂ ಫ್ರಾಂಕ್ ಮಾರ್ಷಲನಿಗೂ ನಡೆದ ಆ ಸಮರವೇ ಹೊಸ ರಸಿಕರಿಗೆ ಪ್ರಥಮ ಪಾಠವಾಗಲು ಯೋಗ್ಯವೆಂಬುದು ನನ್ನ ದೃಢವಾದ ನಂಬಿಕೆ.

ಮಾರ್ಷಲನನ್ನು ದುರ್ಬಲನೆಂದು ಭಾವಿಸಲಾಗದು. 1904ರಲ್ಲಿ ಕೇಂಬ್ರಿಜ್ ಸ್ಪ್ರಿಂಗ್ಸ್‌ನಲ್ಲಿ ಒಂದು ಆಟವನ್ನೂ ಸೋಲದೆ, 15ಕ್ಕೆ 13 ಅಂಕಗಳನ್ನು ಗಳಿಸಿ, ಲಾಸ್ಕರನನ್ನೇ ಹಿಂದಿಕ್ಕಿ ಅಗ್ರಸ್ಥಾನ ಪಡೆದ ಧೀರನಾತ. ಆಕ್ರಮಣವೇ ಆತನ ಆಟದ ಪ್ರಾಣ.

ಆ ಪ್ರಾಣಕ್ಕೆ ಉಸಿರಾಡಲು ಎಡೆಗೊಡದಿರುವ ಲಾಸ್ಕರನ ಕಲೆಯನ್ನು ಮೊದಲನೆಯ ಆಟದಲ್ಲಿಯೇ ಕಾಣಬಹುದು. ಬಿಳಿಯ ಕಾಯಿಗಳು ಮಾರ್ಷಲನವು. ಮಂತ್ರಿಗಳಿಬ್ಬರೂ ಹದಿನೆಂಟನೆಯ ನಡೆಗೇ ಅಳಿದು, ಹತ್ತೊಂಬತ್ತನೆಯ ನಡೆಯಲ್ಲಿ ಬಿಳಿಯ ರಾಜನು ಕರಿಯ ಆನೆಯೊಂದನ್ನು ಹೊಡೆದ ಮೇಲೆ ಉಳಿದುದಿಷ್ಟೆ: ಎರಡು ಪಕ್ಷಕ್ಕೂ ಒಂದೊಂದು ಆನೆ, ಆರಾರು ಕಾಲಾಳು, ಬಿಳಿಗೊಂದು ಕುದುರೆ, ಕರಿಗೊಂದು ಒಂಟೆ. ಎಣಿಕೆಯಲ್ಲಿ ಪರಮ ಸಮಾನತೆ! ಹೊಸಬರು ಇಲ್ಲಿ ಆಟ ಮುಗಿಯಿತೆಂದು ಆಕಳಿಸುವರು. ರಸಿಕನಿಗಾದರೋ ಆಟ ತೊಡಗುವುದೇ ಇಲ್ಲಿಂದ. ಇದುವರೆಗೆ ಮೂಲೆಯಲ್ಲಿ ಅಡಗಿದ್ದ ಕರಿಯ ರಾಜನು, ಅವಸರವೆಂಬುದನ್ನೇ ಅರಿಯದವನಂತೆ, ನಡುವೆ ಆನೆಗೂ ಒಂಟೆಗೂ ಸರದಿಯನ್ನು ಬಿಟ್ಟುಕೊಡುತ್ತ, ಒಂದೊಂದೇ ಮನೆ ಮುಂದೊತ್ತಿ, ಮೂವತ್ತೆರಡನೆಯ ನಡೆಯ ಹೊತ್ತಿಗೆ ಶತ್ರುವಿನ ಅರ್ಧದೊಳಗೇ ಪೀಠ ಹಾಕುತ್ತಾನೆ. ಅನಂತರ ಬಿಳಿಯ ಕುದುರೆಯನ್ನು ನೋಡಬೇಕು: ಹೋಗಲು ತಾಣವಿಲ್ಲದೆ, ಎರಡೇ ಮನೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ನೆಗೆಯುವ ಅದರ ಸಂಕಟ ಕರುಳನ್ನು ಹಿಂಡುವಂಥದು. ಐವತ್ತನೆಯ ನಡೆಗೆ ಮಾರ್ಷಲ್ ಸೋಲೊಪ್ಪಿದನು.

ಮೊದಲ ಮೂರು ಆಟಗಳನ್ನೂ ಕಳೆದುಕೊಂಡ ಆತ ಮುಂದಿನ ನಾಲ್ಕನ್ನೂ ಸಮಗೊಳಿಸಿದನೆಂಬುದನ್ನು ಮರೆಯಬಾರದು. ಎಂಟನೆಯದು ಹೋದ ಮೇಲೂ ಮತ್ತೆ ಮೂರು ಬಾರಿ ಲಾಸ್ಕರನನ್ನು ತಡೆದು ನಿಲ್ಲಿಸಿದನು. ಈ ಏಳು ಆಟಗಳನ್ನು ಬಿಟ್ಟು ಬರಿಯ ಗೆಲುವುಗಳನ್ನಷ್ಟೇ ಆಯ್ದುಕೊಳ್ಳುವವನಿಗೆ ಪಂದ್ಯದ ಅರ್ಧ ರಸ ದೊರೆಯದು. ಹನ್ನೆರಡರಿಂದ ಹದಿನೈದರವರೆಗಿನ ಕಡೆಯ ನಾಲ್ಕು ಆಟಗಳು ಪೂರ್ತಿ ಲಾಸ್ಕರನವು. ಅವುಗಳನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಮನೆಯಲ್ಲಿ ಹಲಗೆಯಿದ್ದರೆ ಮೊದಲನೆಯ ಆಟವನ್ನು ಇಂದೇ ಹೂಡಿರಿ. ಮಂತ್ರಿಗಳು ಮರೆಯಾದ ಮೇಲೆ ಉಳಿದುದೆಲ್ಲವನ್ನೂ ಬಿಟ್ಟು, ಕರಿಯ ರಾಜನ ಕಾಲುಗಳನ್ನು ಮಾತ್ರ ನೋಡುತ್ತ ಕುಳಿತುಕೊಳ್ಳಿರಿ.