ಉಗ್ರಸಂಗೀತವೂ ಪ್ರಾತಿನಿಧ್ಯವೂ: ‘ಗ್ಲೋಬಲ್ ಮೆಟಲ್’ ಚಿತ್ರದ ವಿಮರ್ಶೆ

ಪೂರ್ವಮೀಮಾಂಸೆಯಲ್ಲಿ ಪ್ರತಿನಿಧಿವಿಚಾರವೆಂಬ ಪ್ರಕರಣವೊಂದುಂಟು. ಯಾಗಕ್ಕೆ ವಿಹಿತವಾದ ವ್ರೀಹಿಯು ದೊರೆಯದಿದ್ದರೆ ನೀವಾರಧಾನ್ಯವನ್ನು ಅದರ ಸ್ಥಾನದಲ್ಲಿ ಉಪಯೋಗಿಸಬಹುದು. ಆದರೆ ದೇವತೆಗೂ ಮಂತ್ರಕ್ಕೂ ಪ್ರತಿನಿಧಿಯಿಲ್ಲ, ಫಲಕ್ಕೆ ಒಡೆಯನಾದ ಯಜಮಾನನಿಗೂ ಸಾಮಾನ್ಯವಾಗಿ ಇಲ್ಲ. ನಾನಾ ದೇಶಗಳ ಜನರನ್ನು ಒಂದೇ ಚಿತ್ರದಲ್ಲಿ ತೋರಿಸಹೊರಟ ಕೃತಿಯನ್ನು ತೂಗುವುದಕ್ಕೆ ಈ ಹಳೆಯ ವಿವೇಕವು ತಕ್ಕ ತಕ್ಕಡಿಯಾಗಿದೆ.

ಕೆನಡಾ ದೇಶದ ಸ್ಯಾಮ್ ಡನ್ ಮತ್ತು ಸ್ಕಾಟ್ ಮ್ಯಾಕ್‌ಫೇಡಿಯನ್ ಎಂಬುವರು 2008ರಲ್ಲಿ ಹೊರತಂದ ‘ಗ್ಲೋಬಲ್ ಮೆಟಲ್’ ಅಂತಹ ಸಾಕ್ಷ್ಯಚಿತ್ರ. ಹೆವಿ ಮೆಟಲ್ ಎಂಬುದು 1970ರ ಸುಮಾರಿಗೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಪಟ್ಟಣದಲ್ಲಿ ರೂಪುಗೊಂಡ ಸಂಗೀತ. ವಿದ್ಯುತ್ ಗಿಟಾರಿನ ಘೋರನಾದವೂ ಕಂಠದ ಆರ್ಭಟವೂ ಅದರ ಲಕ್ಷಣಗಳು. ಮಾನವಶಾಸ್ತ್ರವನ್ನು ಅಭ್ಯಾಸಮಾಡಿದ ಡನ್ ಅವರು ಬ್ರೆಜಿಲ್, ಜಪಾನ್, ಭಾರತ, ಚೀನಾ, ಇಂಡೊನೇಷ್ಯಾ, ಇಸ್ರೇಲ್ ಮೊದಲಾದೆಡೆ ಅದರ ಭಕ್ತರನ್ನು ಅರಸಿಹೋಗಿರುತ್ತಾರೆ.

ಈ ನಾದವು ಬಿಳಿಯರ ಸ್ವತ್ತೆಂಬ ಭ್ರಮೆಯನ್ನು ಚಿತ್ರವು ಹೋಗಲಾಡಿಸುತ್ತದೆ. ಇದು ಅದರ ದೊಡ್ಡ ಗುಣ. ಬ್ರೆಜಿಲಿನ ಸೆಪಲ್ಚುರಾ ಮೇಳವು 1996ರಲ್ಲಿಯೇ ಶವಾಂತೆ ಎಂಬ ಮೂಲನಿವಾಸಿಗಳೊಡನೆ ಹಾಡಿತ್ತು. ಇಸ್ರೇಲಿನ ಆರ್ಫನ್ಡ್ ಲ್ಯಾಂಡ್ ಮೇಳವು ಪೂರ್ವದೇಶದ ರಾಗಗಳನ್ನು ಬೆರೆಸಿತು. ಕೊಂಡವರು ಕೊಟ್ಟವರೂ ಆದರೆಂಬುದು ಇದರಿಂದ ಸ್ಪಷ್ಟ.

ದೋಷವಿರುವುದು ಮಾತಿನ ಹಂಚಿಕೆಯಲ್ಲಿ. ಒಂದೂವರೆ ಗಂಟೆಯೊಳಗೆ ಇಷ್ಟು ದೇಶಗಳನ್ನು ಸುತ್ತುವಾಗ ಒಂದೊಂದಕ್ಕೂ ದೊರೆಯುವುದು ಕೆಲವೇ ನಿಮಿಷ. ಕಥನದ ಕಂಠವು ಆದ್ಯಂತ ಡನ್ನರದೇ. ಉಳಿದವರಲ್ಲಿ ಮಾತನಾಡುವವರು ಬಹುಪಾಲು ಗಂಡಸರು, ಭಾರತದ ಪರವಾಗಿಯಂತೂ ಇಂಗ್ಲಿಷ್ ಬಲ್ಲ ನಗರವಾಸಿಗಳು. ಒಂದು ನಗರದ ದೃಶ್ಯವು ದೇಶಕ್ಕೆ ದ್ರವ್ಯದಂತೆ ಪ್ರತಿನಿಧಿಯಾದೀತು. ಆದರೆ ಅನುಭವದ ಯಜಮಾನನ ಬದಲು ಮತ್ತೊಬ್ಬನು ಸಂಕಲ್ಪಮಾಡಲಾದೀತೆ? ಬೆಂಗಳೂರಿನಲ್ಲಿ ಕ್ರಿಪ್ಟಾಸ್ ಮೇಳವು ಹುಟ್ಟಿದ್ದು 1998ರಲ್ಲಿ. ಅರಮನೆ ಮೈದಾನದಲ್ಲಿ ಐರನ್ ಮೇಡನ್ ಮೇಳವು ನುಡಿಸಿದ್ದು 2007ರ ಮಾರ್ಚ್ 17ರಂದು. ಕ್ರಿಪ್ಟಾಸ್ ಜರ್ಮನಿಯ ವಾಕನ್ ಉತ್ಸವವನ್ನೇರಿದ್ದು 2013ರಲ್ಲಿ. ಇಷ್ಟು ವರ್ಷಗಳ ಸಾಧನೆಯನ್ನು ಹೇಳಬೇಕಾದವರು ಸಾಧಿಸಿದವರೇ.

ಇದೆಲ್ಲ ಬರಿಯ ಗದ್ದಲವೆಂದು ಮೂಗುಮುರಿಯುವ ಸುಶಿಕ್ಷಿತರೂ ಇದ್ದಾರೆ. ಭರತಮುನಿಯು ರೌದ್ರ, ಭಯಾನಕ, ಬೀಭತ್ಸಗಳನ್ನೂ ರಸಗಳೆಂದೇ ಎಣಿಸಿದನು. ಮದ್ದೂರಿನಲ್ಲಿ ಪೂಜೆಗೊಳ್ಳುವವನು ಉಗ್ರನರಸಿಂಹ. ಹಳೆಯ ಮೈಸೂರು ಸೀಮೆಯ ಸೋಮನ ಕುಣಿತದಲ್ಲಿ ಕಣ್ಣರಳಿಸಿದ ಮುಖವಾಡವು ಭಕ್ತಿಯನ್ನೇ ಹುಟ್ಟಿಸುತ್ತದೆ. ಉಗ್ರತೆ ಈ ನೆಲಕ್ಕೆ ಹೊಸದಲ್ಲ.

ಹಾಗೆಂದು ಡನ್ನರ ದೋಷವು ಪರದೇಶದವರದು ಮಾತ್ರವೆಂದು ಸಮಾಧಾನಪಡುವಂತೆಯೂ ಇಲ್ಲ. ಸೋಮನಹಳ್ಳಿ, ಮದ್ದೂರುಗಳ ಸುತ್ತಿನ ಊರಹಬ್ಬಗಳಿಗೆ ತಮಟೆ ಬೇಕು. ಅದನ್ನು ಬಾರಿಸುವವನನ್ನು ಜಗುಲಿಗೆ ಕರೆದು, ಅವನ ವಿದ್ಯೆಯ ಮರ್ಮವನ್ನು ಅವನಿಂದಲೇ ಕೇಳಿದವರು ವಿರಳ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಸಂದದ್ದು 2023ರಲ್ಲಿ. ನಾದವನ್ನು ಸ್ವೀಕರಿಸಿ ನಾದಕಾರನನ್ನು ಹೊರಗಿಡುವುದು ಇಲ್ಲಿಯೂ ನಡೆದುಬಂದ ಪದ್ಧತಿಯೇ ಆಗಿದೆ.

ಆದುದರಿಂದ ಈ ಚಿತ್ರವು ನೋಡತಕ್ಕದ್ದೇ ಸರಿ. ಆದರೆ ಯಾರು ಕಾಣಿಸಿದರೆಂಬುದರ ಜೊತೆಗೆ ಯಾರು ಮಾತನಾಡಿದರೆಂಬುದನ್ನೂ ವಾಚಕ ಮಹಾಶಯರು ಎಣಿಸಿ ನೋಡುವುದು ಉಚಿತ.