ಮಾಸ್ಕೋ ನಗರದ ನದೀತೀರದ ಶಿಲ್ಪೋದ್ಯಾನ: ಒಂದು ವಿಮರ್ಶೆ

ಮಾಸ್ಕೋ ನಗರದಲ್ಲಿ, ಮಾಸ್ಕ್ವಾ ನದಿಯ ದಂಡೆಯ ಮೇಲೆ, ‘ಮ್ಯೂಸಿಯೋನ್’ ಎಂಬ ಶಿಲ್ಪೋದ್ಯಾನವಿದೆ. 1992ರಲ್ಲಿ ಸ್ಥಾಪಿತವಾದ ಈ ಉದ್ಯಾನದಲ್ಲಿರುವ ಶಿಲ್ಪಗಳು 700ಕ್ಕೂ ಮಿಕ್ಕಿವೆ. ಅವುಗಳಲ್ಲಿ ಅನೇಕವು ಯಾವ ತೋಟದಲ್ಲಿಯಾದರೂ ಕಾಣಬಹುದಾದಂಥವು. ಅವುಗಳ ವಿಚಾರ ಇಲ್ಲಿ ಅಪ್ರಸ್ತುತ. ಚರಿತ್ರೆಯ ವ್ಯಾಸಂಗಿಗಳಾದ ನಾವು ಪರಿಶೀಲಿಸಬೇಕಾದುದು ನಗರದ ಚೌಕಗಳಿಂದ ಪದಚ್ಯುತವಾಗಿ ಇಲ್ಲಿಗೆ ಬಂದ ಸೋವಿಯತ್ ಪ್ರತಿಮೆಗಳನ್ನು.

ಚೆಕಾ ಎಂಬ ಗುಪ್ತ ಪೊಲೀಸ್ ಸಂಸ್ಥೆಯ ಸ್ಥಾಪಕನಾದ ಫೆಲಿಕ್ಸ್ ಜೆರ್ಜಿನ್ಸ್ಕಿಯ ಪ್ರತಿಮೆಯನ್ನೇ ತೆಗೆದುಕೊಳ್ಳೋಣ. ವುಚೆಟಿಚ್ ನಿರ್ಮಿಸಿದ ಈ ಪ್ರತಿಮೆಯು 1958ರಿಂದ ಲುಬ್ಯಾಂಕಾ ಚೌಕದಲ್ಲಿ, ಅದೇ ಪೊಲೀಸ್ ವ್ಯವಸ್ಥೆಯ ಪ್ರಧಾನ ಕಚೇರಿಯೆದುರು ನಿಂತಿತ್ತು. 1991ರ ಆಗಸ್ಟಿನಲ್ಲಿ ಸೋವಿಯತ್ ಸರ್ಕಾರವನ್ನು ಕಬಳಿಸುವ ಸಂಚು ವಿಫಲವಾದೊಡನೆ ಜನಸಮೂಹದ ಸಮಕ್ಷಮದಲ್ಲಿ ಕ್ರೇನುಗಳು ಅದನ್ನು ಕೆಳಗಿಳಿಸಿದವು. ಆ ಲೋಹಕ್ಕೆ ಭೀಕರವಾದ ಅರ್ಥವನ್ನು ಕೊಟ್ಟಿದ್ದುದು ಅದರ ಹಿಂದಿನ ಕಟ್ಟಡ. ಇಂದು ಹುಲ್ಲುಹಾಸು, ಮರದ ನೆರಳುಗಳ ನಡುವೆ ನೋಡುವವನಿಗೆ ಅದು ನೀಳವಾದ ಕೋಟು ತೊಟ್ಟ ಗಂಭೀರ ಪುರುಷನೊಬ್ಬನ ಆಕೃತಿ ಮಾತ್ರ. ಉದ್ಯಾನವು ನೆಟ್ಟ ಫಲಕವು ಇದು ಐತಿಹಾಸಿಕವೂ ಕಲಾತ್ಮಕವೂ ಆದ ಮೌಲ್ಯವುಳ್ಳ ಕೃತಿಯೆಂದೂ, ಸರ್ಕಾರದ ರಕ್ಷಣೆಗೆ ಒಳಪಟ್ಟಿದೆಯೆಂದೂ ಸಾರಿತು. ಚೆಕಾದ ಕೈಯಲ್ಲಿ ಮಡಿದವರ ಮಾತನ್ನು ಅದು ಎತ್ತಲಿಲ್ಲ. ಶಾಸನವೊಂದನ್ನು ಸ್ಥಳಾಂತರಿಸಿದಾಗ ಅದು ಮೊದಲು ನಿಂತಿದ್ದ ನೆಲೆಯನ್ನು ತಪ್ಪದೆ ದಾಖಲಿಸುವವರಿಗೆ ಈ ಮೌನವು ಸಹ್ಯವಾಗಲಾರದು.

ಹಾಗೆಂದು ಇಡೀ ಉದ್ಯಾನವನ್ನು ತಳ್ಳಿಹಾಕುವುದು ಸಾಧುವಲ್ಲ. ಮೆರ್ಕುರೋವ್ ಕಡೆದ, ಮೂಗು ಮುರಿದ ಗುಲಾಬಿ ಗ್ರಾನೈಟಿನ ಸ್ಟಾಲಿನ್ ಇಲ್ಲಿ ಒಂಟಿಯಾಗಿಲ್ಲ. ಅವನ ಬೆನ್ನ ಹಿಂದೆ ಚುಬಾರೋವ್ ಎಂಬ ಶಿಲ್ಪಿಯ ಕೃತಿಯಿದೆ; 1998ರಲ್ಲಿ ಸ್ಥಾಪಿತವಾದ ಅದರಲ್ಲಿ ಕಬ್ಬಿಣದ ಸರಳುಗಳ ನಡುವೆ ನೂರಾರು ಕಲ್ಲಿನ ತಲೆಗಳನ್ನು ಒಟ್ಟಲಾಗಿದೆ. ಅವು ದಮನಕ್ಕೆ ಬಲಿಯಾದವರ ಸ್ಮಾರಕ. ನೋಡುವವನು ಸ್ಟಾಲಿನ್ನನನ್ನು ಎದುರಿನಿಂದ ಕಂಡರೆ ಆ ತಲೆಗಳನ್ನೂ ಕಾಣಲೇಬೇಕು. ಯಾವ ಫಲಕವೂ ಆಡದ ಮಾತನ್ನು ಈ ಜೋಡಣೆ ಆಡುತ್ತದೆ. ಇಡೀ ಉದ್ಯಾನದಲ್ಲಿ ಇತಿಹಾಸವೆಂಬ ಹೆಸರಿಗೆ ನಿಜವಾಗಿ ಅರ್ಹವಾದ ಭಾಗವು ಇದೇ ಎಂದು ನಮ್ಮ ಅಭಿಪ್ರಾಯ. ಜೆರ್ಜಿನ್ಸ್ಕಿಯ ಹಿಂದೆ ಅಂಥದೇನನ್ನೂ ಏಕೆ ನಿಲ್ಲಿಸಲಿಲ್ಲ?

ಈ ಪ್ರಶ್ನೆ ಕೇವಲ ಪ್ರದರ್ಶನಕಲೆಗೆ ಸಂಬಂಧಿಸಿದ್ದಲ್ಲ. ಲುಬ್ಯಾಂಕಾ ಚೌಕದಲ್ಲಿ ಜೆರ್ಜಿನ್ಸ್ಕಿಯನ್ನು ನಿಲ್ಲಿಸಬೇಕೆ, ಅಲೆಕ್ಸಾಂಡರ್ ನೆವ್‌ಸ್ಕಿಯನ್ನೆ ಎಂಬ ಬಗ್ಗೆ 2021ರ ಫೆಬ್ರವರಿಯಲ್ಲಿ ಮಾಸ್ಕೋ ನಾಗರಿಕರ ಮತವನ್ನು ಕೇಳಲಾಯಿತು. ನಗರಾಧ್ಯಕ್ಷರು ಅದನ್ನು ನಡುವೆಯೇ ನಿಲ್ಲಿಸಿದರು. 2023ರ ಸೆಪ್ಟೆಂಬರಿನಲ್ಲಿ ವಿದೇಶೀ ಗುಪ್ತಚರ ಸಂಸ್ಥೆಯ ಪ್ರಧಾನ ಕಚೇರಿಯಲ್ಲಿ ಅದೇ ಪ್ರತಿಮೆಯ ಪ್ರತಿಕೃತಿಯೊಂದು ಅನಾವರಣಗೊಂಡಿತು. ಮೂಲ ಪ್ರತಿಮೆಯು ನದೀತೀರದ ಮರಗಳ ನಡುವೆಯೇ ಉಳಿದಿದೆ. ಪ್ರತಿಕೃತಿಯ ಹಿಂದೆ ಮತ್ತೆ ಒಂದು ಕಚೇರಿಯಿದೆ.