ಭಾಗವತನಿಲ್ಲದ ಮೇಜು

ಕಳೆದ ವರ್ಷ ಕಾರಹುಣ್ಣಿಮೆಯ ಕರಿ ನೋಡಲೆಂದು ಕಾಖಂಡಕಿಗೆ ಹೋಗಿದ್ದೆ. ಮಾಳಿಗೆಯ ಮೇಲೆ ನಿಂತು ಹೋರಿಗಳ ಓಟ ನೋಡಿ ಇಳಿದು ಬಂದಮೇಲೆ, ಸಂಜೆ ಕಟ್ಟೆಯ ಮೇಲೆ ಕೂತಿದ್ದ ಕಾಕಾ ಕೇಳಿದರು: "ಬೆಂಗಳೂರಾಗ ಐತಾರ ದಿನ ಏನ್ ಮಾಡ್ತಿಯೋ ತಮ್ಮಾ?"

ನಾನು ಆಟದ ಬಗ್ಗೆ ಹೇಳಿದೆ. "ನಾಕೈದು ಮಂದಿ ಟೇಬಲ್ ಸುತ್ತ ಕುಂದರ್ತೀವಿ ಕಾಕಾ. ಒಬ್ಬಾಂವ ಕತಿ ನಡಸ್ತಾನ. ಉಳದಾವ್ರಿಗೆ ಒಂದೊಂದು ಪಾತ್ರ. ನಮ್ಮ ಪಾತ್ರ ಏನ್ ಮಾಡತದ, ಏನ್ ಮಾತಾಡತದ ಅಂತ ನಾವ ಹೇಳ್ತೀವಿ. ಅದು ಆಗತದೋ ಇಲ್ಲೋ ಅಂತ ದಾಳ ಒಗದು ನೋಡ್ತೀವಿ."

ಕಾಕಾ ಹರೆಯದಲ್ಲಿ ಪಾರಿಜಾತದ ಹಿಮ್ಮೇಳದಲ್ಲಿ ಹಾಡಿದವರು. ಅವರಿಗೆ ಇದೇನೂ ವಿಚಿತ್ರವೆನಿಸಲಿಲ್ಲ. "ಹಂಗಾರ ಭಾಗವತ ಯಾರು?" ಎಂದರು. ನಾನೇ ಎಂದೆ. "ಆಟ ಛಲೋ ನಡದದೇನು?"

ನಡೆದಿರಲಿಲ್ಲ. ಎರಡು ತಿಂಗಳ ಹಿಂದೆಯೇ ನಿಂತುಹೋಗಿತ್ತು. ಯಾಕೆ ನಿಂತಿತು ಎಂದು ಕಾಕಾನಿಗೆ ಹೇಳಲು ಹೊರಟಾಗಲೇ ನನಗೂ ಅದರ ಕಾರಣ ಹೊಳೆಯತೊಡಗಿದ್ದು. ಈ ಬರಹ ಆ ಮಾತುಕತೆಯಿಂದ ಹುಟ್ಟಿದೆ.

ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ಎಂದು ಕರೆಯುವ ಈ ಬಗೆಯ ಆಟಗಳಲ್ಲಿ ಮೊದಲು ಅಚ್ಚಾಗಿ ಮಾರಾಟಕ್ಕೆ ಬಂದದ್ದು 1974ರಲ್ಲಿ, ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಕತೆಯ ಲೋಕವನ್ನು ವರ್ಣಿಸಿ, ಆಟಗಾರರ ಪಾತ್ರಗಳನ್ನು ಬಿಟ್ಟು ಉಳಿದೆಲ್ಲ ಪಾತ್ರಗಳನ್ನೂ ಆಡುವವನು ಗೇಮ್ ಮಾಸ್ಟರ್. ಗೆಲುವು ಸೋಲು ಇಲ್ಲ, ರಂಗಸ್ಥಳವಿಲ್ಲ, ನೋಡುವವರಿಲ್ಲ. ಮಾತು, ದಾಳ, ಒಂದಿಷ್ಟು ಕಾಗದ, ಅಷ್ಟೇ.

ನಾನು ಹೊಟ್ಟೆಪಾಡಿಗೆ ಪ್ರಾಜೆಕ್ಟ್ ಮ್ಯಾನೇಜರ್. ಯಾರು ಯಾವಾಗ ಏನು ಮುಗಿಸಬೇಕು, ತಡವಾದರೆ ಏನಾಗುತ್ತದೆ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಈ ಕಸುಬಿನ ಬುದ್ಧಿಯನ್ನು ಆಟ ನಡೆಸಲು ಬಳಸಿಕೊಳ್ಳಿ ಎಂಬ ಸಲಹೆ ಆಟಗಾರರ ನಡುವೆ ಚೆನ್ನಾಗಿ ಓಡಾಡುತ್ತಿದೆ. ನಾನು ಅದನ್ನು ಅಕ್ಷರಶಃ ಪಾಲಿಸಿದೆ. ಮೊದಲ ಆಟಕ್ಕೆ ಹದಿನೆಂಟು ಪುಟ ಬರೆದೆ. ಹೊಳೆಯ ದಂಡೆಯ ಒಂದು ಊರು, ಗುಡ್ಡದ ಮೇಲೊಂದು ಕೋಟೆ, ಕೋಟೆಯೊಳಗೊಂದು ರಹಸ್ಯ. ಎರಡನೇ ತಾಸಿಗೆ ಎಲ್ಲರೂ ಕೋಟೆಯ ಬಾಗಿಲು ದಾಟಿರಬೇಕೆಂದು ಲೆಕ್ಕ ಹಾಕಿದ್ದೆ. ಆಟಗಾರರು ಬಾಗಿಲಿನವರೆಗೆ ಬಂದರು, ಅಲ್ಲಿದ್ದ ಮುದಿ ಕಾವಲುಗಾರನ ಜೊತೆ ಮಾತಿಗೆ ಕೂತರು, ಅವನ ಮಗಳ ಮದುವೆಗೆ ದುಡ್ಡಿಲ್ಲವೆಂಬ ಸಂಗತಿ ತಿಳಿದುಕೊಂಡರು, ದುಡ್ಡು ಹೊಂದಿಸೋಣವೆಂದು ಊರಿಗೆ ವಾಪಸ್ಸಾದರು. ನನ್ನ ಹದಿನೆಂಟು ಪುಟದಲ್ಲಿ ಕಾವಲುಗಾರನಿಗೆ ಹೆಸರೂ ಇರಲಿಲ್ಲ. ಅವರನ್ನು ಕೋಟೆಗೆ ತಿರುಗಿಸಲು ಮಳೆ ಸುರಿಸಿದೆ, ಸೇತುವೆ ಮುರಿದೆ, ತೋಳಗಳನ್ನು ಬಿಟ್ಟೆ. ಕೊನೆಗೆ ಕೋಟೆ ಸೇರಿದರು. ಆಟ ಮುಗಿದಮೇಲೆ ಎಲ್ಲರ ಕೈಯಲ್ಲೂ ಅಭಿಪ್ರಾಯದ ಫಾರಂ ತುಂಬಿಸಿದೆ. ಐದನೇ ವಾರ ಗೆಳತಿಯೊಬ್ಬಳು ಹೇಳಿದಳು: "ಆಫೀಸ್ ಮುಗಿಸಿ ಮತ್ತೆ ಆಫೀಸಿಗೇ ಬಂದಹಾಗೆ ಅನ್ನಿಸ್ತಿದೆ." ಅಲ್ಲಿಗೆ ಆಟ ನಿಂತಿತು.

ತಪ್ಪು ಯೋಜನೆ ಮಾಡಿದ್ದರಲ್ಲಿ ಇತ್ತೇ, ಯಾವುದನ್ನು ಯೋಜಿಸಿದೆ ಎಂಬುದರಲ್ಲಿ ಇತ್ತೇ? ಇದನ್ನು ಬಿಡಿಸಿಕೊಳ್ಳಲು ಕಾಕಾ ತೋರಿಸಿದ ದಾರಿಯಲ್ಲೇ ಹೋಗೋಣ. ನಮ್ಮಲ್ಲಿ ಈ ಕೆಲಸವನ್ನು ತಲೆಮಾರುಗಳಿಂದ ಮಾಡುತ್ತ ಬಂದವನು ಭಾಗವತ.

ಉತ್ತರ ಕರ್ನಾಟಕದ ಶ್ರೀಕೃಷ್ಣ ಪಾರಿಜಾತದಲ್ಲಿ ಕತೆ ಎಲ್ಲರಿಗೂ ಗೊತ್ತಿರುವಂಥದ್ದೇ. ನಾರದ ತಂದ ಹೂವು ರುಕ್ಮಿಣಿಗೆ ಸೇರುತ್ತದೆ, ಸತ್ಯಭಾಮೆ ಮುನಿಸಿಕೊಳ್ಳುತ್ತಾಳೆ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಳೆದುಬಂದ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾದ ಈ ಆಟದಲ್ಲಿ ಹಾಡುಗಳು ಗೊತ್ತಾಗಿರುತ್ತವೆ. ಹಾಡು ಹಾಡಿನ ನಡುವಿನ ಮಾತು ಮಾತ್ರ ಆ ರಾತ್ರಿಯದು. ರಂಗಕ್ಕೆ ಬಂದ ಪಾತ್ರವನ್ನು ಭಾಗವತ ಮಾತಿಗೆಳೆಯುತ್ತಾನೆ: ಯಾರು ನೀವು, ಯಾವ ಊರು, ಏನು ಬಂದಿರಿ. ಸಾಕ್ಷಾತ್ ಕೃಷ್ಣನೇ ಬಂದರೂ ಈ ವಿಚಾರಣೆ ತಪ್ಪಿದ್ದಲ್ಲ. ಭಾಗವತನಿಗೆ ಕೃಷ್ಣ ಯಾರೆಂದು ಗೊತ್ತಿಲ್ಲವೇ? ಗೊತ್ತಿದೆ. ಈ ಕೃಷ್ಣ ಇವತ್ತು ಯಾವ ಲಹರಿಯಲ್ಲಿದ್ದಾನೆ ಎಂಬುದು ಗೊತ್ತಿಲ್ಲ. ಅದನ್ನು ತಿಳಿಯಲೆಂದೇ ಪ್ರಶ್ನೆ.

ಮೇಜಿನ ಆಟಕ್ಕೆ ಇನ್ನೂ ಹತ್ತಿರದ್ದು ಕರಾವಳಿ, ಮಲೆನಾಡು ಮತ್ತು ಕಾಸರಗೋಡಿನ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ. ಎಲ್ಲರೂ ಕೂತೇ ಇರುತ್ತಾರೆ. ಭಾಗವತ ಪ್ರಸಂಗದ ಒಂದು ಪದ್ಯ ಹಾಡುತ್ತಾನೆ, ಅರ್ಥಧಾರಿ ತನ್ನ ಪಾತ್ರವಾಗಿ ಅದಕ್ಕೆ ಮಾತು ಕಟ್ಟುತ್ತಾನೆ, ಎದುರಿನವನು ಅದಕ್ಕೆ ಉತ್ತರ ಕಟ್ಟುತ್ತಾನೆ. ಬರೆದಿಟ್ಟ ಸಂಭಾಷಣೆ ಇಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಕನ್ನಡದ ಮಾತನ್ನು ಎಷ್ಟು ಎತ್ತರಕ್ಕೆ ಒಯ್ದರೆಂದು ಕೇಳಿದವರಿಗೆ ಗೊತ್ತು.

ಇಲ್ಲಿ ಏನೇನು ಮೊದಲೇ ತೀರ್ಮಾನವಾಗಿರುತ್ತದೆ ಎಂದು ನೋಡಿದರೆ ನನ್ನ ಕಸುಬಿನವರಿಗೆ ಖುಷಿಯಾಗಬೇಕು. ಯಾವ ಪ್ರಸಂಗ, ಎಲ್ಲಿ, ಯಾವ ಹೊತ್ತಿಗೆ ಶುರು, ಯಾವ ಹೊತ್ತಿಗೆ ಮಂಗಳ, ಯಾರಿಗೆ ಯಾವ ಪಾತ್ರ. ಇರುವ ಹೊತ್ತಿಗೆ ತಕ್ಕಂತೆ ಯಾವ ಪದ್ಯ ಇಟ್ಟುಕೊಳ್ಳುವುದು, ಯಾವುದು ಬಿಡುವುದು ಎಂದು ಭಾಗವತ ಲೆಕ್ಕ ಹಾಕಿಕೊಂಡಿರುತ್ತಾನೆ. ಯಾರ ಎದುರು ಯಾರನ್ನು ಕೂರಿಸಬೇಕು ಎಂಬುದರಲ್ಲೇ ಸಂಘಟಕನ ಅರ್ಧ ಜಾಣತನವಿದೆ. ಕೃಷ್ಣಸಂಧಾನಕ್ಕೆ ಸಮರ್ಥ ಕೃಷ್ಣ ಸಿಕ್ಕು ಕೌರವ ಸಪ್ಪೆಯಾದರೆ ಇಡೀ ಸಂಜೆ ಹಾಳು.

ಆಟ ನಡೆಸುವವರಿಗೆ ಕೊಡುವ ಸಲಹೆಗಳಲ್ಲಿ ಇದಕ್ಕೆ ಹೊಂದುವ ಭಾಗವೆಲ್ಲ ಗಟ್ಟಿಯಾದದ್ದು. ವಾರ ನಿಗದಿ ಮಾಡಿ, ಒಬ್ಬರು ಬರದಿದ್ದರೂ ಆಟ ನಿಲ್ಲಿಸಬೇಡಿ ಎನ್ನುತ್ತಾರೆ. ನಿಜ. "ಎಲ್ಲರಿಗೂ ಅನುಕೂಲವಾದ ದಿನ" ಎಂಬುದು ಎಂದೂ ಬರುವುದಿಲ್ಲ. ಬಾಗಿಲ ಬಳಿಯ ತೋಳಗಳಿಗಿಂತ ಹೆಚ್ಚು ಆಟಗಳನ್ನು ಕೊಂದಿರುವುದು ವಾಟ್ಸಾಪ್‌ನ "ಮುಂದಿನ ವಾರ ನೋಡೋಣ". ಕತೆ ಶುರುವಾಗುವ ಮೊದಲು ಒಂದು ದಿನ ಬರೀ ಮಾತಿಗೆ ಇಡಿ ಎನ್ನುತ್ತಾರೆ. ಆಟಗಾರರು ಅದನ್ನು 'ಸೆಷನ್ ಝೀರೋ' ಎಂದು ಕರೆಯುತ್ತಾರೆ. ಎಂಥ ಕತೆ ಬೇಕು, ಯಾವ ವಿಷಯ ಮೇಜಿನ ಮೇಲೆ ಬರಲೇಬಾರದು ಎಂದು ಎಲ್ಲರೂ ಬಾಯಿಬಿಟ್ಟು ಹೇಳುವ ದಿನ ಅದು. ಇದೂ ನಿಜ. ಒಬ್ಬನಿಗೆ ಹಾಸ್ಯ ಬೇಕು, ಇನ್ನೊಬ್ಬಳಿಗೆ ಭಯ ಬೇಕು ಎಂಬುದು ಐದನೇ ವಾರ ಗೊತ್ತಾದರೆ ಯಾರೂ ಏನೂ ಮಾಡಲಾಗದು.

ಎಡವುವುದು ಮೂರನೆಯ ಸಲಹೆಯಲ್ಲಿ: ಕತೆಯನ್ನೇ ಕೆಲಸದಂತೆ ತುಂಡು ಮಾಡಿ, ಮೈಲಿಗಲ್ಲು ನೆಟ್ಟು, ಅಲ್ಲಿಗೆ ಹೊತ್ತಿಗೆ ಸರಿಯಾಗಿ ತಲುಪಿಸುವುದು. ಇದು ಯಾಕೆ ಹೊಂದುವುದಿಲ್ಲ ಎಂಬುದಕ್ಕೆ ಉತ್ತರ ಈ ವಿದ್ಯೆ ಹುಟ್ಟಿದ ಜಾಗದಲ್ಲೇ ಇದೆ. ಕ್ರಿಟಿಕಲ್ ಪಾತ್ ಎಂಬ ಲೆಕ್ಕಾಚಾರ 1950ರ ದಶಕದ ಕೊನೆಯಲ್ಲಿ ಡುಪಾಂಟ್‌ನ ರಾಸಾಯನಿಕ ಕಾರ್ಖಾನೆಗಳ ಕೆಲಸಕ್ಕಾಗಿ ರೂಪುಗೊಂಡಿತು. ಅದೇ ಹೊತ್ತಿಗೆ, 1958ರಲ್ಲಿ, ಅಮೆರಿಕದ ನೌಕಾಪಡೆ ಪೊಲಾರಿಸ್ ಕ್ಷಿಪಣಿಗಾಗಿ ಪರ್ಟ್ ಎಂಬ ಪದ್ಧತಿ ಕಟ್ಟಿತು. ಎರಡರಲ್ಲೂ ಕೊನೆಗೆ ಸಿಗಬೇಕಾದ ವಸ್ತು ಯಾವುದೆಂದು ಮೊದಲೇ ಗೊತ್ತು. ಬದಲಾವಣೆಗೆ ಒಗ್ಗಿಕೊಳ್ಳಬೇಕೆಂದು 2001ರಲ್ಲಿ ಹದಿನೇಳು ಜನ ಸೇರಿ ಬರೆದ ಅಜೈಲ್ ಪ್ರಣಾಳಿಕೆ ಈ ಬಿಗಿಯನ್ನು ಸಾಕಷ್ಟು ಸಡಿಲಿಸಿತು. ಆದರೆ ಅಲ್ಲಿಯೂ ಗಿರಾಕಿ ಒಬ್ಬ, ಮಾಡಿಕೊಡುವವರು ಇನ್ನೊಬ್ಬರು. ಮೇಜಿನ ಆಟದಲ್ಲಿ ಮಾಡುವವರೂ ಉಣ್ಣುವವರೂ ಅವರೇ. ಆಟಗಾರರನ್ನು ಕೋಟೆಗೆ ದಬ್ಬುತ್ತಿದ್ದಾಗ ನಾನು ಯಾರಿಗೆ ಏನನ್ನು ತಲುಪಿಸುತ್ತಿದ್ದೆ? ನನ್ನ ಹದಿನೆಂಟು ಪುಟವನ್ನು ನನಗೇ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ತಾಳಮದ್ದಳೆಯ ಕೊನೆಯೂ ಮೊದಲೇ ಗೊತ್ತಲ್ಲವೇ? ಸಂಧಾನ ಮುರಿಯಲೇಬೇಕು, ಕೌರವ ಒಪ್ಪುವ ಹಾಗಿಲ್ಲ. ಹೌದು. ಆದರೆ ಕೊನೆ ಕಟ್ಟಿಹಾಕಿದ್ದರೂ ಕೌರವನ ಬಾಯಿ ಕಟ್ಟಿಲ್ಲ. ಒಳ್ಳೆಯ ಅರ್ಥಧಾರಿ ಸಿಕ್ಕರೆ, ಇವನು ಹೇಳುವುದರಲ್ಲೂ ನ್ಯಾಯವಿದೆಯಲ್ಲ ಎಂದು ಸಭೆ ಒಂದು ಗಳಿಗೆ ಕೃಷ್ಣನನ್ನೇ ಅನುಮಾನದಿಂದ ನೋಡುತ್ತದೆ. ಆಟಗಾರರು 'ರೈಲ್‌ರೋಡಿಂಗ್' ಎಂದು ಬೈಯುವುದು, ಅಂದರೆ ಕತೆಯನ್ನು ಹಳಿಯ ಮೇಲೆ ಓಡಿಸುವುದು, ಕೊನೆ ಗೊತ್ತಿರುವುದಕ್ಕಲ್ಲ ಎಂದೇ ನನಗೆ ತೋರುತ್ತದೆ. ನೀನು ಏನು ಹೇಳಿದರೂ ಅದಕ್ಕೆ ಬೆಲೆಯಿಲ್ಲ ಎಂದು ಆಟಗಾರನಿಗೆ ಅನ್ನಿಸುವಂತೆ ಮಾಡುವುದಕ್ಕೆ.

ಹೋಲಿಕೆಯನ್ನು ಇನ್ನೂ ಎಳೆದರೆ ಹರಿಯುತ್ತದೆ. ತಾಳಮದ್ದಳೆಯಲ್ಲಿ ಕೌರವ "ಆಗಲಿ, ಐದು ಊರು ಕೊಟ್ಟೆ" ಎಂದುಬಿಟ್ಟರೆ ಪ್ರಸಂಗ ಸತ್ತಿತು. ಮೇಜಿನ ಆಟದಲ್ಲಿ ಆ ಗಳಿಗೆಗಾಗಿಯೇ ನಾವು ಕೂತಿರುತ್ತೇವೆ. ಹಾಗಾಗಿ ಭಾಗವತನಿಗಿರುವ ಪದ್ಯಗಳ ಆಸರೆ ಗೇಮ್ ಮಾಸ್ಟರನಿಗಿಲ್ಲ. ಅವನಿಗೆ ಬೇರೆ ಬಗೆಯ ಸಿದ್ಧತೆ ಬೇಕು.

ಅಲ್ಲಿ ನನ್ನ ಕಸುಬಿನ ಒಂದು ಸಾಧನ ಮತ್ತೆ ಕೆಲಸಕ್ಕೆ ಬರುತ್ತದೆ, ತಿರುವುಮುರುವಾಗಿ. ಪ್ರತಿ ಪ್ರಾಜೆಕ್ಟಿಗೂ ನಾವು ಅಪಾಯಗಳ ಪಟ್ಟಿ ಇಡುತ್ತೇವೆ: ಏನು ಕೆಡಬಹುದು, ಯಾವಾಗ, ಕೆಟ್ಟರೆ ಯಾರಿಗೆ ಪೆಟ್ಟು. ಅವು ಆಗದಿರಲಿ ಎಂದು ಆ ಪಟ್ಟಿ. ಗೇಮ್ ಮಾಸ್ಟರ್ ಬರೆಯಬೇಕಾದದ್ದೂ ಅದೇ ಪಟ್ಟಿ, ಆದರೆ ಅವು ಆಗಲಿ ಎಂದು. ಯಾರೂ ಅಡ್ಡ ಬರದಿದ್ದರೆ ಕೋಟೆಯ ಒಡೆಯ ಏನು ಮಾಡುತ್ತಾನೆ? ಹೊಳೆಗೆ ನೀರು ಬಂದರೆ ಯಾರ ಮನೆ ಮುಳುಗುತ್ತದೆ? ವಿನ್ಸೆಂಟ್ ಬೇಕರ್ ಮತ್ತು ಮೆಗ್ವೆ ಬೇಕರ್ ದಂಪತಿಯ 'ಅಪೊಕ್ಯಾಲಿಪ್ಸ್ ವರ್ಲ್ಡ್' (2010) ಮತ್ತು ಜಾನ್ ಹಾರ್ಪರ್‌ರ 'ಬ್ಲೇಡ್ಸ್ ಇನ್ ದಿ ಡಾರ್ಕ್' (2017) ಈ ಕೆಲಸಕ್ಕೆ 'ಕ್ಲಾಕ್' ಎಂಬ ಸರಳ ಉಪಾಯ ಬಳಸುತ್ತವೆ. ಕಾಗದದ ಮೇಲೊಂದು ವೃತ್ತ, ಅದರಲ್ಲಿ ನಾಲ್ಕೋ ಆರೋ ಭಾಗ. ಕೇಡು ಹತ್ತಿರ ಬಂದಂತೆಲ್ಲ ಒಂದೊಂದು ಭಾಗ ತುಂಬುತ್ತ ಹೋಗಬೇಕು. ವೃತ್ತ ತುಂಬಿದರೆ ಕೇಡು ಆಗಿಹೋಯಿತು. ನನ್ನ ಆಫೀಸಿನ ಪ್ರಗತಿ ಪಟ್ಟಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ವ್ಯತ್ಯಾಸವಿರುವುದು ಇಷ್ಟರಲ್ಲೇ: ಆಟಗಾರರು ಎಲ್ಲಿಗೆ ಹೋಗಬೇಕೆಂದು ಈ ವೃತ್ತ ಹೇಳುವುದಿಲ್ಲ. ಅವರು ಕಾವಲುಗಾರನ ಮಗಳ ಮದುವೆಗೆ ಓಡಾಡಲಿ; ಅಷ್ಟರಲ್ಲಿ ಕೋಟೆಯಲ್ಲಿ ಏನಾಯಿತು ಎಂಬುದನ್ನು ಮಾತ್ರ ಹೇಳುತ್ತದೆ.

ಭಾಗವತನಿಂದ ಕಲಿಯಬೇಕಾದ ಇನ್ನೊಂದು, ಮಾತನ್ನು ತುಂಡರಿಸುವ ಕಲೆ. ಅರ್ಥಧಾರಿಯ ಮಾತು ಹದಕ್ಕೆ ಬಂದಾಗ, ಅಥವಾ ಹದ ಮೀರುವ ಮೊದಲು, ಅವನು ಮುಂದಿನ ಪದ್ಯ ಎತ್ತುತ್ತಾನೆ. "ಸಾಕು ಮಾಡಿ" ಎನ್ನುವುದಿಲ್ಲ, ಗಡಿಯಾರ ತೋರಿಸುವುದಿಲ್ಲ. ಹಾಡೇ ಸೂಚನೆ. ಇದು ಯಾವಾಗಲೂ ಕೈಗೂಡುವುದಿಲ್ಲ. ಪೂರ್ವಾರ್ಧದಲ್ಲಿ ಘಟಾನುಘಟಿಗಳು ಗಂಟೆಗಟ್ಟಲೆ ವಾದಿಸಿ, ಕೊನೆಯ ಪಾತ್ರಕ್ಕಾಗಿ ಕಾದು ಕೂತವನಿಗೆ ಹತ್ತು ನಿಮಿಷ ಉಳಿಸುವುದು ತಾಳಮದ್ದಳೆಯ ಹಳೆಯ ರೋಗ. ನಮ್ಮ ಮೇಜಿನಲ್ಲೂ ಅದೇ. ಮಾತುಗಾರರು ಇಬ್ಬರು ಇಡೀ ಸಂಜೆ ತಿಂದುಹಾಕುತ್ತಾರೆ, ಮೂಲೆಯಲ್ಲಿ ಕೂತವನು ದಾಳ ಉರುಳಿಸುತ್ತ ಮೊಬೈಲ್ ನೋಡುತ್ತಾನೆ. ಪ್ರತಿಯೊಬ್ಬರಿಗೂ ಇಂತಿಷ್ಟು ನಿಮಿಷ ಎಂದು ಹಂಚುವ ಆಫೀಸಿನ ಮದ್ದು ನಾನು ಮಾಡಿ ನೋಡಿದ್ದೇನೆ. ಸರದಿ ಬಂದಾಗ ಮಾತಿಲ್ಲದವನು ಇನ್ನಷ್ಟು ಮುದುಡುತ್ತಾನೆ. ಪಾರಿಜಾತದ ಭಾಗವತನ ಮದ್ದು ಅದಕ್ಕಿಂತ ಮೇಲು: ಅವನ ಪಾತ್ರದ ಕಡೆ ತಿರುಗಿ ಒಂದು ಪ್ರಶ್ನೆ ಕೇಳುವುದು. ನೀನು ಯಾರಪ್ಪಾ, ಇಲ್ಲಿಗೇಕೆ ಬಂದೆ? ಇದಕ್ಕೆ ಉತ್ತರವಿಲ್ಲದ ಪಾತ್ರವಿಲ್ಲ.

ಇಲ್ಲಿ ನನಗೆ ನಿಜವಾದ ಬೇಸರವೂ ಇದೆ. ನಮ್ಮ ಮೇಜಿನ ಐದು ಜನರಲ್ಲಿ ಐವರೂ ಕನ್ನಡಿಗರು. ಆಡುತ್ತಿದ್ದದ್ದು ಇಂಗ್ಲಿಷಿನಲ್ಲಿ, ಅದೂ ಎಲ್ಲೋ ಸಿನಿಮಾದಲ್ಲಿ ಕೇಳಿದ ರಾಜಮಹಾರಾಜರ ಇಂಗ್ಲಿಷಿನಲ್ಲಿ. ಯೋಚಿಸದೆ ಮಾತಾಡುವ ಆಟದಲ್ಲಿ ಪ್ರತಿ ವಾಕ್ಯವನ್ನೂ ಯೋಚಿಸಿ ಆಡುತ್ತಿದ್ದೆವು. ಕಾವಲುಗಾರನ ಸಂಗತಿ ಯಾಕೆ ಅಷ್ಟು ಬೆಳೆಯಿತೆಂದು ಈಗ ಅರ್ಥವಾಗುತ್ತದೆ. ಅವನಿಗೆ ಮಾತು ಬರೆದಿಟ್ಟುಕೊಂಡಿರಲಿಲ್ಲವಾದ್ದರಿಂದ ಗಡಿಬಿಡಿಯಲ್ಲಿ ಅವನ ಬಾಯಲ್ಲಿ ನಮ್ಮೂರ ಕನ್ನಡ ಬಂದುಬಿಟ್ಟಿತ್ತು. ಆಟಗಾರರು ಅವನನ್ನು ನಂಬಿದರು. ಆ ಸಂಜೆ ಜೀವವಿದ್ದ ಪಾತ್ರ ಅದೊಂದೇ.

ಇಷ್ಟನ್ನೂ ಕಾಕಾನಿಗೆ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಮಳೆ ಸುರಿಸಿ ಸೇತುವೆ ಮುರಿದ ಕತೆ ಕೇಳಿ ಅವರು ನಕ್ಕರು. ಕರಿಯ ಓಣಿಯತ್ತ ಕೈ ತೋರಿಸಿ ಹೇಳಿದರು: "ಹೋರಿ ಓಡೋ ದಾರಿ ಖಾಲಿ ಮಾಡ್ತೀವಿ, ಹುಡುಗರನ್ನ ಮಾಳಗಿ ಹತ್ತಸ್ತೀವಿ. ಹೆಂಗ ಓಡಬೇಕು ಅಂತ ಹೋರಿಗೆ ಹೇಳ್ತೀವೇನು?"

ಬೆಂಗಳೂರಿಗೆ ಮರಳಿ ಆಟ ಮತ್ತೆ ಶುರು ಮಾಡಿದೆವು. ಎರಡನೇ ಮತ್ತು ನಾಲ್ಕನೇ ಭಾನುವಾರ, ಸಂಜೆ ಐದರಿಂದ ಎಂಟು, ಮೂವರು ಬಂದರೆ ಸಾಕು. ಫಾರಂ ಇಲ್ಲ; ಚಹಾ ಕುಡಿಯುವಾಗ "ಇವತ್ತು ಯಾವುದು ನೆನಪುಳಿಯಿತು?" ಎಂಬ ಒಂದೇ ಪ್ರಶ್ನೆ. ಸಿದ್ಧತೆ ಒಂದು ಪುಟ: ಐದು ಹೆಸರು, ಒಬ್ಬೊಬ್ಬರಿಗೆ ಒಂದೊಂದು ಆಸೆ, ಎರಡು ವೃತ್ತ. ಭಾಷೆ ಕನ್ನಡ. ಆಫೀಸಿನ ಮಾತಾಡಿದ್ದ ಗೆಳತಿಯೂ ಬರುತ್ತಿದ್ದಾಳೆ. ಕಾವಲುಗಾರನಿಗೆ ಈಗ ಹೆಸರಿದೆ. ಮುಂದಿನ ಆಟಕ್ಕೆ ಅವನ ಮಗಳ ಮದುವೆ. ಕೋಟೆಯೊಳಗೆ ಇನ್ನೂ ಯಾರೂ ಕಾಲಿಟ್ಟಿಲ್ಲ.